ಡರ್ಟಿ ಕೌ: ಮೂರು ಬಾರಿ ತಿದ್ದಬೇಕಾಗಿ ಬಂದ ಲಿನಕ್ಸ್ ದೋಷ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ 2016ರ ಅಕ್ಟೋಬರ್‌ನಲ್ಲಿ ಬಹಿರಂಗಗೊಂಡ ಮೆಮೊರಿ ನಿರ್ವಹಣೆಯ ದೋಷವೇ ‘ಡರ್ಟಿ ಕೌ’. ಇಲ್ಲಿಯ ‘ಕೌ’ ಹಸುವಲ್ಲ, ‘ಕಾಪಿ ಆನ್ ರೈಟ್’ ಎಂಬುದರ ಹ್ರಸ್ವರೂಪ.

ಓದಲು ಮಾತ್ರ ಅನುಮತಿಯಿರುವ ಕಡತವನ್ನು ಬಳಕೆದಾರನೊಬ್ಬ ತನ್ನ ಮಟ್ಟಿಗೆ ತಿದ್ದಹೊರಟರೆ, ಕರ್ನೆಲ್ ಮೂಲವನ್ನು ಮುಟ್ಟಗೊಡದೆ ಆ ಪುಟದ ನಕಲನ್ನು ಒದಗಿಸುತ್ತದೆ. ನಕಲು ಸಿದ್ಧವಾದೊಡನೆ, ಇದು ಬರೆಯುವ ಕೋರಿಕೆ ಎಂಬ ಗುರುತನ್ನು ಅದು ಅಳಿಸಿಬಿಡುತ್ತಿತ್ತು. ಆ ಕ್ಷಣಾರ್ಧದಲ್ಲಿ ಅದೇ ಪ್ರೋಗ್ರಾಂನ ಮತ್ತೊಂದು ಭಾಗ ನಕಲನ್ನು ಕೈಬಿಟ್ಟರೆ, ಕರ್ನೆಲ್ ಮರಳಿ ಹುಡುಕಿದಾಗ ದೊರೆಯುತ್ತಿದ್ದುದು ಮೂಲ ಪುಟ. ಬರಹ ಬೀಳುತ್ತಿದ್ದುದೂ ಅದರ ಮೇಲೆಯೇ. ಸಾಮಾನ್ಯ ಬಳಕೆದಾರನೂ ಹೀಗೆ ವ್ಯವಸ್ಥೆಯ ಕಡತಗಳನ್ನು ತಿದ್ದಿ ಗಣಕದ ಪೂರ್ಣ ಹಿಡಿತ ಪಡೆಯಬಹುದಿತ್ತು. ಆಂಡ್ರಾಯ್ಡ್ ಫೋನುಗಳೂ ಇದಕ್ಕೆ ಹೊರತಾಗಿರಲಿಲ್ಲ. ದಾಳಿಗೊಳಗಾದ ಸರ್ವರ್‌ಗೆ ಬಂದ ಮಾಹಿತಿಯ ದಾಖಲೆಯಿಂದ ಇದನ್ನು ಪತ್ತೆಹಚ್ಚಿದವರು ಫಿಲ್ ಓಸ್ಟರ್.

ಅಚ್ಚರಿಯೆಂದರೆ, ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲೇ ಇದನ್ನು ಸರಿಪಡಿಸಲು ಯತ್ನಿಸಿದ್ದರು. ಐಬಿಎಂನ ಎಸ್390 ಯಂತ್ರಗಳಲ್ಲಿ ತೊಡಕುಂಟಾದ್ದರಿಂದ ಆ ತಿದ್ದುಪಡಿಯನ್ನು ಹಿಂಪಡೆಯಲಾಯಿತು. ಅಂದು ಕೇವಲ ಸೈದ್ಧಾಂತಿಕವೆನಿಸಿದ್ದ ಅಪಾಯ, ಏಕಕಾಲಕ್ಕೆ ಹಲವು ಕೆಲಸ ನಿಭಾಯಿಸುವಂತೆ ಕರ್ನೆಲ್ ಬೆಳೆದ ಹಾಗೆಲ್ಲ ಸುಲಭಸಾಧ್ಯವಾಯಿತು. 2016ರ ಪರಿಹಾರ ಕೆಲವೇ ಸಾಲುಗಳದು: ಬರೆಯುವ ಗುರುತನ್ನು ಅಳಿಸದೆ, ‘ನಕಲಾಗಿದೆ’ ಎಂಬ ಪ್ರತ್ಯೇಕ ಗುರುತು ಸೇರಿಸಿ, ಕೈಯಲ್ಲಿರುವ ಪುಟ ನಿಜಕ್ಕೂ ನಕಲೇ ಎಂದು ಪರೀಕ್ಷಿಸುವುದು. ದೊಡ್ಡ ಗಾತ್ರದ ಪುಟಗಳ ವಿಷಯದಲ್ಲಿ ಈ ಪರೀಕ್ಷೆಯೂ ಸಾಲದೆಂಬುದು 2017ರ ನವೆಂಬರ್‌ನಲ್ಲಿ ಬಯಲಾಗಿ, ಮತ್ತೊಂದು ತಿದ್ದುಪಡಿ ಹೊರಬಂದಿತು.