ಪದ ಪರಿಚಯ: ಪಾರ್ಕರೈಸಿಂಗ್

ಕೋವಿಯ ಉಕ್ಕಿಗೆ ತುಕ್ಕು ಹಿಡಿಯದಂತೆ ಕೊಡುವ ಫಾಸ್ಫೇಟ್ ಲೇಪಕ್ಕೆ ಈ ಹೆಸರು. ಇದು ವ್ಯಕ್ತಿನಾಮದಿಂದ ಹುಟ್ಟಿದ ಪದ. ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ 20ನೇ ಶತಮಾನದ ಆರಂಭದಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಹಕ್ಕು ಕೊಂಡ ಅಮೆರಿಕದ ಕ್ಲಾರ್ಕ್ ಪಾರ್ಕರ್, ಮಗನ ಜೊತೆ 1915ರಲ್ಲಿ ಕಂಪನಿ ಕಟ್ಟಿದ. ಕಂಡುಹಿಡಿದವನ ಹೆಸರು ಮರೆಯಾಗಿ ಮಾರಿದವನದೇ ಉಳಿದದ್ದು ನನಗಂತೂ ಅನ್ಯಾಯವೆನಿಸುತ್ತದೆ.

ಸತು ಅಥವಾ ಮ್ಯಾಂಗನೀಸ್ ಬೆರೆತ ಫಾಸ್ಫಾರಿಕ್ ಆಮ್ಲದ ದ್ರಾವಣವನ್ನು ಕುದಿಯುವ ಹಂತದ ಹತ್ತಿರಕ್ಕೆ ಕಾಯಿಸಿ, ಜಿಡ್ಡು ತೆಗೆದ ಬಿಡಿಭಾಗಗಳನ್ನು ಅದರಲ್ಲಿ ಮುಳುಗಿಸುತ್ತಾರೆ. ಉಕ್ಕಿನ ಮೈಮೇಲೆ ಸಣ್ಣ ಹರಳುಗಳು ಕಟ್ಟಿಕೊಂಡು ಹೊಳಪಿಲ್ಲದ ಬೂದು ಬಣ್ಣ ಬರುತ್ತದೆ. ಮುಟ್ಟಿದರೆ ತುಸು ಒರಟು. ಹರಳುಗಳ ಸಂದಿನಲ್ಲಿ ಎಣ್ಣೆ ನಿಲ್ಲುವುದೇ ಇದರ ಗುಟ್ಟು. ಎಣ್ಣೆ ಆರಿದರೆ ರಕ್ಷಣೆಯೂ ಕುಗ್ಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ1 ಗ್ಯಾರಂಡ್ ಬಂದೂಕುಗಳಿಗೆ ಇದೇ ಲೇಪವಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ಮಾತ್ರ ಇದು ಹಿಡಿಯುವುದಿಲ್ಲ.

ಕೋವಿಗೆ ಕೊಡುವ ಇದಕ್ಕಿಂತ ಹಳೆಯ ಲೇಪ ಬ್ಲೂಯಿಂಗ್. ನೋಡಲು ಚೆಂದ, ಆದರೆ ತೇವಕ್ಕೆ ಬೇಗ ಸೋಲುತ್ತದೆ.

ಕೊಡಗಿನಂಥ ಮಳೆಸೀಮೆಯಲ್ಲಿ ದಿನಬಳಕೆಯ ಕೋವಿಗೆ ಪಾರ್ಕರೈಸಿಂಗೇ ಲೇಸು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗಿಡುವ ಅಜ್ಜನ ಕಾಲದ ಜೋಡಿನಳಿಕೆಯ ಕೋವಿಗೆ ಮಾತ್ರ ಇದು ಬೇಡ. ಲೇಪಕ್ಕೆ ಮುನ್ನ ಮರಳು ಹೊಡೆದು ಮೈ ಒರಟಾಗಿಸುತ್ತಾರೆ. ಹಳೆಯ ಕೆತ್ತನೆ ಮಸುಕಾದರೆ ಮತ್ತೆ ಬರುವುದಿಲ್ಲ.