ಸ್ಟೆವಿನ್ನನ ಗಾಳಿಬಂಡಿ

ಪ್ರೌಢಶಾಲೆಯಲ್ಲಿ ಶಕ್ತಿ ಸಂರಕ್ಷಣೆಯ ನಿಯಮವನ್ನು ಬೋಧಿಸಿದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತಿತ್ತು: "ಸಾರ್, ಓಡುವ ಕಾರಿನ ಮೇಲೊಂದು ಗಾಳಿಯಂತ್ರ ಕೂರಿಸಿ, ಅದರ ವಿದ್ಯುತ್ತಿನಿಂದಲೇ ಕಾರನ್ನು ಓಡಿಸಬಾರದೇಕೆ?" ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಗಾಳಿಯಿಂದ ಬಂಡಿ ಓಡಿದ್ದು ಇತಿಹಾಸ. ತನ್ನ ಓಟದಿಂದಲೇ ಓಡುವ ಬಂಡಿ ಮಾತ್ರ ಭ್ರಮೆ. ಈ ಎರಡನ್ನೂ ಬಲ್ಲವನೊಬ್ಬ ನಾಲ್ಕು ಶತಮಾನಗಳ ಹಿಂದೆಯೇ ಇದ್ದ.

ಅವನೇ ಸೈಮನ್ ಸ್ಟೆವಿನ್. ಇಂದಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ 1548ರಲ್ಲಿ ಜನಿಸಿದ ಗಣಿತಜ್ಞ. ಡಚ್ಚರ ರಾಜಕುಮಾರ ಮೌರಿಟ್ಸನ ಎಂಜಿನಿಯರ್. ಸುಮಾರು 1600ರ ವೇಳೆಗೆ ಅವನು ರಾಜಕುಮಾರನಿಗಾಗಿ ಹಾಯಿ ಕಟ್ಟಿದ ಬಂಡಿಯೊಂದನ್ನು ನಿರ್ಮಿಸಿದ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊತ್ತ ಆ ಬಂಡಿ ಸ್ಖೆವೆನಿಂಗೆನ್ ಎಂಬ ಊರಿನಿಂದ ಪೆಟ್ಟೆನ್‌ವರೆಗೆ, ಕಡಲತೀರದ ಗಟ್ಟಿ ಮರಳಿನ ಮೇಲೆ, ಸುಮಾರು ಎರಡು ಗಂಟೆಗಳಲ್ಲಿ ಸಾಗಿತೆಂದು ಹೇಳುತ್ತಾರೆ. ಮುಂದೆ ಅಂತರರಾಷ್ಟ್ರೀಯ ಕಾನೂನಿನ ಪಿತಾಮಹನೆನಿಸಿದ ಹ್ಯೂಗೋ ಗ್ರೋಷಿಯಸ್ ಆಗ ಎಳೆಯ ವಯಸ್ಸಿನವನು. ಈ ಬಂಡಿಯನ್ನು ಕುರಿತು ಲ್ಯಾಟಿನ್ನಿನಲ್ಲಿ ಪದ್ಯಗಳನ್ನೇ ರಚಿಸಿದ.

ಇದೇ ಸ್ಟೆವಿನ್ 1586ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಳಿಜಾರಿನ ತ್ರಿಕೋನವೊಂದರ ಸುತ್ತ 14 ಗುಂಡುಗಳ ಸರವನ್ನು ಹಾಕಿ ತೋರಿಸಿದ್ದ. ಸರ ಒಮ್ಮೆ ಜಾರತೊಡಗಿದರೆ ನಿಲ್ಲುವುದಕ್ಕೆ ಕಾರಣವೇ ಇಲ್ಲ, ಅನಂತ ಕಾಲ ಸುತ್ತಬೇಕು, ಅದು ಅಸಂಬದ್ಧ, ಆದ್ದರಿಂದ ಅದು ಜಾರುವುದಿಲ್ಲ. ಈ ವಾದದಿಂದಲೇ ಅವನು ಇಳಿಜಾರಿನ ಸಮತೋಲದ ನಿಯಮವನ್ನು ಪಡೆದ. ಜೂಲ್, ಹೆಲ್ಮ್‌ಹೋಲ್ಟ್ಸ್ ಮೊದಲಾದವರು ಶಕ್ತಿಯ ಲೆಕ್ಕವನ್ನು ಖಚಿತಗೊಳಿಸಿದ್ದು 1840ರ ದಶಕದಲ್ಲಿ!

ಇಂಥ ಆಸೆಗೆ ನಮ್ಮವರೂ ಹೊರತಲ್ಲ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಪಾದರಸ ತುಂಬಿ ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. ಆಸೆಯ ಬೆಲೆಯೂ ದೊಡ್ಡದು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ, ನಿರಂತರ ಚಲನೆಯ ಯಂತ್ರಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ನಿರ್ಣಯಿಸಿದಾಗ, ಈ ಗೀಳು ಕುಟುಂಬಗಳನ್ನೇ ಹಾಳುಮಾಡಿದೆಯೆಂದೂ ಸಮರ್ಥ ಕುಶಲಕರ್ಮಿಗಳು ಹಣ, ಆಯುಷ್ಯಗಳನ್ನು ಕಳೆದುಕೊಂಡರೆಂದೂ ಕಾರಣ ಕೊಟ್ಟಿತು.

ಹಾಗಾದರೆ ಕಾರಿನ ಗಾಳಿ ಏಕೆ ಒದಗದು? ಹಳೆಯ ಸೈಕಲ್ಲಿನ ಡೈನಮೋವನ್ನು ಟೈರಿಗೆ ಒತ್ತಿದೊಡನೆ ಪೆಡಲ್ ಭಾರವಾಗುತ್ತಿತ್ತಲ್ಲವೇ? ಅದೇ ಇಲ್ಲಿಯೂ. ಗಾಳಿ ಬೀಸದ ದಿನ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಒಂದು ಚದರ ಮೀಟರಿನ ಗಾಳಿಯಂತ್ರದಿಂದ, ಜರ್ಮನಿಯ ಆಲ್ಬರ್ಟ್ ಬೆಟ್ಜ್ ಗುರುತಿಸಿದ ಮಿತಿಯಂತೆ, ಹೆಚ್ಚೆಂದರೆ 3.9 ಕಿಲೋವಾಟ್ ದೊರೆತೀತು. ಆದರೆ ಆ ಯಂತ್ರ ಕಾರನ್ನು ಹಿಂದಕ್ಕೆ ತಳ್ಳುವುದರಿಂದ ಎಂಜಿನ್ 5.8 ಕಿಲೋವಾಟ್ ಹೆಚ್ಚುವರಿಯಾಗಿ ವ್ಯಯಿಸಬೇಕು. ಮೂರು ರೂಪಾಯಿ ಕೊಟ್ಟು ಎರಡು ರೂಪಾಯಿ ಪಡೆಯುವ ವ್ಯಾಪಾರ. ಅದೂ ಘರ್ಷಣೆಯ ನಷ್ಟವನ್ನು ಬಿಟ್ಟು. ಸ್ಟೆವಿನ್ನನ ಹಾಯಿಗೆ ಸಿಕ್ಕಿದ್ದು ನೆಲದ ಮೇಲೆ ಸ್ವತಂತ್ರವಾಗಿ ಬೀಸುವ ಗಾಳಿ. ಇಲ್ಲಿರುವುದು ಎಂಜಿನ್ ತಾನೇ ದುಡಿದು ಹುಟ್ಟಿಸಿದ ಗಾಳಿ.

ಬೀಸುವ ಗಾಳಿ ಇದ್ದರೆ ಕಥೆ ಬೇರೆ. 2010ರಲ್ಲಿ ಅಮೆರಿಕದ ರಿಕ್ ಕವಲ್ಲಾರೋ ಮತ್ತು ಸಂಗಡಿಗರ 'ಬ್ಲ್ಯಾಕ್‌ಬರ್ಡ್' ಬಂಡಿ ಗಾಳಿ ಬೀಸುವ ದಿಕ್ಕಿನಲ್ಲೇ, ಗಾಳಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಓಡಿತು. ಅದಕ್ಕೆ ಎಂಜಿನ್ ಇರಲಿಲ್ಲ. ಚಕ್ರಗಳೇ ಪ್ರೊಪೆಲ್ಲರನ್ನು ತಿರುಗಿಸುತ್ತಿದ್ದವು. ಇದು ನಿರಂತರ ಚಲನೆಯ ಮೋಸವೆಂದವರು ಅನೇಕರು. ಗಾಳಿಗೂ ನೆಲಕ್ಕೂ ಇರುವ ವೇಗದ ಅಂತರದಿಂದ ಅದು ಶಕ್ತಿ ಪಡೆಯುತ್ತದೆಂಬುದು ಸುಲಭವಾಗಿ ಹೊಳೆಯುವುದಿಲ್ಲ. 2021ರಲ್ಲಿ ಅಲ್ಲಿಯ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರೇ ಇದು ಅಸಾಧ್ಯವೆಂದು 10,000 ಡಾಲರ್ ಪಣ ಕಟ್ಟಿ, ಸೋತು, ಹಣ ತೆತ್ತರು.