ಗುಡ್ಡದ ಮೇಲಿನ ಪಾಠ ಯಾರ ಸ್ವತ್ತು?

2020ರ ಲಾಕ್‌ಡೌನ್‌ನಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಾಲೇಜು ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ನೆನಪಿದೆಯಲ್ಲ? ಇಂಥ ಆನ್‌ಲೈನ್ ಪಾಠದ ವ್ಯವಸ್ಥೆ ಯಾರ ಸ್ವತ್ತು ಎಂದು ಅಮೆರಿಕದಲ್ಲಿ ಮೊದಲೇ ಜಗಳ ನಡೆದಿತ್ತು.

ಒಂದೇ ಲಾಗಿನ್‌ನಲ್ಲಿ ಒಬ್ಬರು ಒಂದು ಕೋರ್ಸಿಗೆ ವಿದ್ಯಾರ್ಥಿ, ಇನ್ನೊಂದಕ್ಕೆ ಮೇಷ್ಟ್ರು ಆಗುವ ಏರ್ಪಾಡು ತನ್ನದೆಂದು ಬ್ಲ್ಯಾಕ್‌ಬೋರ್ಡ್ ಕಂಪನಿ 2006ರಲ್ಲಿ ಪೇಟೆಂಟ್ ಪಡೆಯಿತು. ಅದೇ ವರ್ಷ ಕೆನಡಾದ ಡಿಸೈರ್‌ಟುಲರ್ನ್ ಮೇಲೆ ಕೇಸು ಹಾಕಿತು. 2008ರಲ್ಲಿ ಸುಮಾರು 31 ಲಕ್ಷ ಡಾಲರ್ ಪರಿಹಾರ ಗೆದ್ದಿತು. 2009ರಲ್ಲಿ ಮೇಲಿನ ಕೋರ್ಟು ಆ ಹಕ್ಕು ಸಲ್ಲದೆಂದಿತು.

ಇತ್ತ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲೇ ಮೂಡಲ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲೆಂದು ಉಚಿತವಾಗಿ ಬಿಟ್ಟಿದ್ದರು. ಹತ್ತಿರದಲ್ಲಿ ಶಾಲೆಯೇ ಇಲ್ಲದ ಒಳನಾಡಿನಲ್ಲಿ ರೇಡಿಯೊ ಪಾಠ ಕೇಳಿ ಬೆಳೆದವರು ಅವರು.

ಪಾಠಕ್ಕೆ ಬೇಲಿ ಹಾಕಲು ಕೋರ್ಟು ಬಿಡಲಿಲ್ಲ. ಆದರೆ ಸಿಗ್ನಲ್ ಇಲ್ಲದ ಊರಿಗೆ ಅದೂ ಒಂದು ಬೇಲಿಯೇ.